ಶಾಲಿನೊಳಗೆ ತಾಳ

ಪುಣೆಯ ಕೋಥ್ರೂಡಿನ ಓದುಗರೊಬ್ಬರ ಪತ್ರ: “ಮೊನ್ನೆ ಒಂದು ಹಿಂದೂಸ್ತಾನಿ ಗಾಯನಕ್ಕೆ ಹೋಗಿದ್ದೆವು. ನಮ್ಮ ಯಜಮಾನರು ಕರ್ನಾಟಕ ಸಂಗೀತ ಕೇಳಿ ಬೆಳೆದವರು, ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಪಕ್ಕದವರು ದುರುಗುಟ್ಟಿ ನೋಡಿದರು. ಅದೇ ಮಹಾಶಯರು ನಿಮಿಷಕ್ಕೊಮ್ಮೆ ‘ಕ್ಯಾ ಬಾತ್ ಹೈ’ ಅನ್ನುತ್ತಿದ್ದರು. ಅದು ಗಲಾಟೆ ಅಲ್ವಾ? ಎಲ್ಲರೂ ಬಾಯಿ ಮುಚ್ಚಿ ಕೂರಬೇಕು ಅಂತ ನೀವಾದರೂ ಬರೆಯಿರಿ.”

ಹಾಗೆ ಬರೆಯಲಾರೆನಮ್ಮ. ಸಭೆ ಕಲ್ಲಿನ ಹಾಗೆ ಕೂತರೆ ಹಾಡುವವರಿಗೆ ಹುರುಪು ಎಲ್ಲಿಂದ ಬರಬೇಕು? ಆದರೆ ಮೆಚ್ಚುಗೆಗೂ ಜಾಗ ಇದೆ. ಗಾಯಕರು ಎಲ್ಲೆಲ್ಲೋ ಸುತ್ತಾಡಿ, ಮುಖಡಾ (ಹಾಡಿನ ಮೊದಲ ಸಾಲು) ಹಿಡಿದು, ತಾಳದ ಸುತ್ತಿನ ಮೊದಲ ಪೆಟ್ಟಾದ ಸಮ್‌ಗೆ ಬಂದು ಇಳಿದಾಗ ಸಭೆಯ ತಲೆಗಳೆಲ್ಲ ಒಟ್ಟಿಗೆ ತೂಗುತ್ತವೆ ನೋಡಿ, ಅಲ್ಲಿ ‘ವಾಹ್’ ಅನ್ನಬೇಕು. ಸ್ವರ ಇನ್ನೂ ನಿಂತಿರುವಾಗಲೇ ಅದರ ಮೇಲೆ ಕೂಗಿದರೆ ಅದು ಮೆಚ್ಚುಗೆಯಲ್ಲ, ‘ನನಗೂ ಗೊತ್ತು’ ಅನ್ನುವ ಜಾಹೀರಾತು.

ಇನ್ನು ಯಜಮಾನರ ತಾಳ. ಕರ್ನಾಟಕ ಕಛೇರಿಯಲ್ಲಿ ಹಾಡುವವರೇ ಕೈಯಲ್ಲಿ ತಾಳ ಹಾಕುತ್ತಾರೆ. ಆದಿತಾಳದ 8 ಅಕ್ಷರ, ಅಂದರೆ 8 ಎಣಿಕೆ, ಸಭೆಗೆಲ್ಲ ಕಾಣುತ್ತದೆ. ಹಿಂದೂಸ್ತಾನಿಯಲ್ಲಿ ಆ ಲೆಕ್ಕ ಇಡುವುದು ತಬಲಾದ ಠೇಕಾ, ಅಂದರೆ ಸುತ್ತು ಸುತ್ತಿಗೂ ಮರಳಿ ಬರುವ ಪೆಟ್ಟುಗಳ ಸಾಲು. ಅದರಲ್ಲೂ ವಿಲಂಬಿತ (ನಿಧಾನಗತಿಯ) ಏಕತಾಲದಲ್ಲಿ 12 ಮಾತ್ರೆಗಳ, ಅಂದರೆ ಎಣಿಕೆಗಳ, ಒಂದು ಸುತ್ತು ಮುಗಿಯಲು ಮುಕ್ಕಾಲು ನಿಮಿಷ ಹಿಡಿಯುವುದೂ ಉಂಟು. ತೊಡೆಯ ಮೇಲಿನ ಕೈಗೆ ಅಷ್ಟು ತಾಳ್ಮೆ ಎಲ್ಲಿ? ಅದು ಮುಂದೆ ಓಡುತ್ತದೆ. ಪಕ್ಕದವರ ಕಿವಿಗೆ ಎರಡೆರಡು ಲಯ. ಅವರ ಸಿಟ್ಟಿನಲ್ಲಿ ಸ್ವಲ್ಪ ನ್ಯಾಯ ಇದೆ, ಬೇಜಾರು ಮಾಡ್ಕೋಬೇಡಿ.

ನನಗೆ ಇವರಿಬ್ಬರಿಗಿಂತ ಜಾಸ್ತಿ ಸಿಟ್ಟು ಬರುವುದು ತಂಬೂರಿ ಶ್ರುತಿ ಮಾಡುವಾಗ ಹರಟುವವರ ಮೇಲೆ. ವೇದಿಕೆಯಲ್ಲಿ ತಂತಿಗೆ ಕಿವಿ ಕೊಟ್ಟು, ಅದರ ನಾದ ತಿದ್ದಲು ಕೆಳಗಿಟ್ಟ ಜೀವಾಳದ ದಾರವನ್ನು ಕೂದಲೆಳೆಯಷ್ಟು ಸರಿಸುತ್ತಿರುತ್ತಾರೆ. ಇತ್ತ ‘ಇನ್ನೂ ಶುರುವೇ ಆಗಿಲ್ಲವಲ್ಲ’ ಎಂದು ಚಕ್ಕುಲಿ ಪೊಟ್ಟಣ ಬಿಚ್ಚುತ್ತಾರೆ. ಒಮ್ಮೆ ನನ್ನ ಹಿಂದಿನ ಸಾಲಿನಲ್ಲಿ ಸೊಸೈಟಿಯ ಮೇಂಟೆನೆನ್ಸ್ ಲೆಕ್ಕವೆಲ್ಲ ಚುಕ್ತಾ ಆಯಿತು. ನನಗೆ ಆಧಾರದ ‘ಸ’, ಆ ಷಡ್ಜ ಮಾತ್ರ ಕೇಳಿಸಲಿಲ್ಲ!

ಡಿಸೆಂಬರಿನಲ್ಲಿ ಸವಾಯಿ ಗಂಧರ್ವ ಉತ್ಸವಕ್ಕೆ ಇಬ್ಬರೂ ಹೋಗಿ ಬನ್ನಿ. ತಮ್ಮ ಗುರು, ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ ಗದಗಿನ ಭೀಮಸೇನ ಜೋಶಿಯವರು 1953ರಲ್ಲಿ ಪುಣೆಯಲ್ಲಿ ಶುರು ಮಾಡಿದ್ದು. ನಮ್ಮವರದ್ದೇ ಅನ್ನಿ. ಹಸಿವಾದರೆ ರಾಗ ಮುಗಿಯುವ ತನಕ ತಡೆದುಕೊಂಡು, ಆಮೇಲೆ ಏಳಿ. ಬಯಲಲ್ಲಿ ಚಳಿ ಇರುತ್ತದೆ, ಯಜಮಾನರಿಗೆ ದೊಡ್ಡ ಶಾಲು ಒಯ್ಯಿರಿ. ಅದರೊಳಗೆ ಎಷ್ಟು ಬೇಕಾದರೂ ಬೆರಳೆಣಿಸಲಿ.