ಹಿಮ ಇಲ್ಲದ ಕಾಲದಲ್ಲಿ ಶಿರಾಕಾವಾಗೋಗೆ ಹೋಗಬಹುದಾ?

ಖಂಡಿತ ಹೋಗಿ. ಶಿರಾಕಾವಾಗೋ ಅಂದರೆ ಜಪಾನಿನ ಬೆಟ್ಟಗಳ ನಡುವೆ ಹುಲ್ಲಿನ ಮಾಡಿನ ಹಳೇ ಮನೆಗಳಿರುವ ಹಳ್ಳಿಗಾಡು. ಏಪ್ರಿಲ್ ಕೊನೆಯಲ್ಲಿ ಅಪ್ಪ ಅಮ್ಮನ ಜೊತೆ ಕನಜಾವಾದಲ್ಲಿ ಇರುತ್ತೇವೆ, ಒಂದೇ ದಿನದಲ್ಲಿ ಶಿರಾಕಾವಾಗೋ ನೋಡಿ ಬರಬಹುದಾ, ಹಿಮ ಕರಗಿದ ಮೇಲೆ ಅಲ್ಲಿ ನೋಡೋಕೆ ಏನಾದರೂ ಇರುತ್ತದಾ ಅಂತ ಕೇಳಿದ್ದೀರಿ. ನಾನು ನಗೋಯಾದಲ್ಲಿ ಇದ್ದೇನೆ, ಊರಿಂದ ಯಾರೇ ಬಂದರೂ ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ನನಗಂತೂ ಚಳಿಗಾಲಕ್ಕಿಂತ ವಸಂತವೇ ಇಷ್ಟ. ಹಿಮ ಬಿದ್ದಾಗ ಊರು ಚೆಂದ ಕಾಣುತ್ತದೆ, ನಿಜ, ಆದರೆ ಗದ್ದೆ, ಕಾಲುವೆ, ಹಿತ್ತಲು ಎಲ್ಲ ಮುಚ್ಚಿಹೋಗಿರುತ್ತದೆ. ಏಪ್ರಿಲ್ ಕೊನೆಗೆ ಅಲ್ಲಿಯ ಮುಖ್ಯ ಹಳ್ಳಿ ಒಗಿಮಾಚಿಯಲ್ಲಿ ಚೆರ್ರಿ ಹೂ ಬಿಡುವ ಹೊತ್ತು, ದೂರದ ಬೆಟ್ಟಗಳ ನೆತ್ತಿಯ ಮೇಲೆ ಇನ್ನೂ ಹಿಮ, ಕೆಳಗೆ ಜನ ಗದ್ದೆ ಕೆಲಸಕ್ಕೆ ಇಳಿದಿರುತ್ತಾರೆ.

ಕನಜಾವಾದಿಂದ ಬಸ್ಸಿನಲ್ಲಿ ಸುಮಾರು ಒಂದೂಕಾಲು ಗಂಟೆ. ಸೀಟು ಮೊದಲೇ ಬುಕ್ ಮಾಡಿ, ವಾಪಸ್ ಬರೋದಕ್ಕೂ ಸೇರಿಸಿ. ಏಪ್ರಿಲ್ 29ರಿಂದ ಮೇ 5ರ ತನಕ ಜಪಾನಿನಲ್ಲಿ ಗೋಲ್ಡನ್ ವೀಕ್ ರಜೆ, ಜನ ತುಂಬಾ ಜಾಸ್ತಿ, ಆದಷ್ಟು ಅದಕ್ಕೆ ಮೊದಲೇ ಹೋಗಿ. ಬೆಳಗಿನ ಮೊದಲ ಬಸ್ಸೇ ಒಳ್ಳೆಯದು.

ತುಂಬಾ ಜನ ಮೇಲಿನ ಶಿರೋಯಾಮಾ ವ್ಯೂ ಪಾಯಿಂಟಿಗೆ ಹೋಗಿ, ಫೋಟೋ ತೆಗೆದು, ಐಸ್‌ಕ್ರೀಮ್ ತಿಂದು ಹೊರಟುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಯಾವುದಾದರೂ ಒಂದು ಮನೆಯ ಅಟ್ಟ ಹತ್ತಲೇಬೇಕು. ಟಿಕೆಟ್ ಕೊಟ್ಟು ನೋಡುವ ಮನೆಗಳಲ್ಲಿ ವಾದಾ ಕುಟುಂಬದ್ದು ಊರಿಗೇ ದೊಡ್ಡದು. ಸುಮಾರು 60 ಡಿಗ್ರಿ ಇಳಿಜಾರಿನ ಹುಲ್ಲಿನ ಮಾಡು, ಹಿಮ ನಿಲ್ಲದೆ ಜಾರಲಿ ಅಂತ. ಆ ಮಾಡಿನ ಮರಗಳಿಗೆ ಒಂದು ಮೊಳೆಯೂ ಇಲ್ಲ, ಎಲ್ಲವನ್ನೂ ಹಗ್ಗ ಮತ್ತು ಬಳುಕುವ ಎಳೆ ಕೊಂಬೆಗಳಿಂದ ಬಿಗಿದಿದ್ದಾರೆ. ಅಟ್ಟದಲ್ಲಿ ಸಾಕುತ್ತಿದ್ದದ್ದು ರೇಷ್ಮೆ ಹುಳು! ನಮ್ಮ ರಾಮನಗರ, ಚಿಂತಾಮಣಿ ಕಡೆಯವರಿಗೆ ಅಲ್ಲಿಯ ತಟ್ಟೆಗಳನ್ನು ನೋಡಿದ ಕೂಡಲೇ ಚಂದ್ರಿಕೆ, ಹಿಪ್ಪುನೇರಳೆ ಸೊಪ್ಪು ಎಲ್ಲ ನೆನಪಾಗುತ್ತದೆ. ಕೆಳಗೆ ನೆಲದ ಒಲೆಯಲ್ಲಿ ಬೆಂಕಿ ಹಾಕಿದರೆ ಬಿಸಿ, ಹೊಗೆ ಎರಡೂ ಅಟ್ಟದ ಸಂದುಗಳಿಂದ ಮೇಲೇರುತ್ತವೆ, ಹುಳುಗಳಿಗೆ ಬೆಚ್ಚಗೆ, ಮಾಡಿನ ಹುಲ್ಲಿಗೂ ಹಗ್ಗಕ್ಕೂ ಕೀಟ ಹಿಡಿಯದಂತೆ ಕಾಪು. ಹುಳುಗಳ ಹಿಕ್ಕೆಯೂ ವ್ಯರ್ಥ ಆಗುತ್ತಿರಲಿಲ್ಲ. ಅದನ್ನು ಮಣ್ಣು, ಸೊಪ್ಪಿನ ಜೊತೆ ನೆಲದಡಿಯ ಗುಂಡಿಯಲ್ಲಿ ಕೊಳೆಸಿ ಕೋವಿಯ ಸಿಡಿಮದ್ದಿಗೆ ಬೇಕಾದ ಪೆಟ್ಲುಪ್ಪು ತೆಗೆಯುತ್ತಿದ್ದರು. ಒಂದೇ ಸೂರಿನ ಕೆಳಗೆ ಇಷ್ಟೆಲ್ಲ ನಡೆಯುತ್ತಿತ್ತು ಅಂತ ತಿಳಿದ ಮೇಲೆ ಹೊರಗೆ ಬಂದು ಮತ್ತೆ ಆ ಮನೆಗಳನ್ನು ನೋಡಿ, ಬೇರೆಯೇ ಕಾಣುತ್ತವೆ.

ಹುಲ್ಲನ್ನು 30–40 ವರ್ಷಕ್ಕೊಮ್ಮೆ ಬದಲಿಸಬೇಕು. ಮೊದಲಿನಿಂದಲೂ ಊರವರೆಲ್ಲ ಸೇರಿ ಒಬ್ಬರಿಗೊಬ್ಬರು ಮುಯ್ಯಾಳಾಗಿ ಮಾಡುವ ಕೆಲಸ ಅದು. ಹಿಮ ಕರಗಿದ ಮೇಲೆ ಈ ಕೆಲಸ ಶುರುವಾಗುತ್ತದೆ, ಅದೃಷ್ಟ ಇದ್ದರೆ ನಿಮಗೂ ನೋಡಲು ಸಿಗಬಹುದು. 1971ರಲ್ಲಿ ಊರವರೇ ಮನೆಗಳನ್ನು ಮಾರಬಾರದು, ಬಾಡಿಗೆಗೆ ಕೊಡಬಾರದು, ಕೆಡವಬಾರದು ಅಂತ ತೀರ್ಮಾನ ಮಾಡಿಕೊಂಡರು. ಯುನೆಸ್ಕೋ ಪಟ್ಟಿಗೆ ಸೇರಿದ್ದು 1995ರಲ್ಲಿ, ಅಂದರೆ ಎಷ್ಟೋ ಆಮೇಲೆ. ಈಗಲೂ ಅಲ್ಲಿ ಸಂಸಾರಗಳು ಇವೆ. ಹಾಗಾಗಿ ಬೇರೆಯವರ ಅಂಗಳಕ್ಕೆ, ಗದ್ದೆ ಬದುವಿಗೆ ಸುಮ್ನೆ ನುಗ್ಗಬೇಡಿ, ಕಸವನ್ನು ವಾಪಸ್ ತನ್ನಿ, ಬೆಂಕಿಯ ವಿಷಯದಲ್ಲಂತೂ ಹುಷಾರು, ಎಲ್ಲ ಹುಲ್ಲೇ ಅಲ್ವಾ.

ಅಪ್ಪ ಅಮ್ಮನ ಮಂಡಿ ನೋಡಿಕೊಳ್ಳಿ. ಅಟ್ಟದ ಮೆಟ್ಟಿಲು ಕಡಿದಾಗಿದೆ. ಊರೊಳಗೆ ಮಾತ್ರ ಸಮತಟ್ಟು, ಆರಾಮಾಗಿ ನಡೆಯಬಹುದು, ವ್ಯೂ ಪಾಯಿಂಟಿಗೆ ಶಟಲ್ ಬಸ್ ಇದೆ. ಬಿಸಿಲಿದ್ದರೂ ಸ್ವೆಟರ್ ಇರಲಿ. ಸಸ್ಯಾಹಾರಿಗಳಾದರೆ ಕನಜಾವಾದಿಂದಲೇ ಬುತ್ತಿ ಕಟ್ಟಿಕೊಳ್ಳಿ, ಯಾಕೆಂದರೆ ಬರೀ ಸೊಪ್ಪು ಹಾಕಿದ ಸೋಬಾ (ಅಲ್ಲಿಯ ಒಂದು ಬಗೆಯ ನೂಡಲ್ಸ್) ಅಂದರೂ ಅದರ ಸಾರಿಗೆ ಸಾಮಾನ್ಯವಾಗಿ ಮೀನು ಹಾಕಿರುತ್ತಾರೆ.

ಬಸ್ಸಿನ ಬದಲು ಕಾರು ತೆಗೆದುಕೊಂಡರೆ ದಕ್ಷಿಣಕ್ಕೆ ಮಿಬೋರೋ ಅಣೆಕಟ್ಟಿನ ಕಡೆಗೂ ಹೋಗಿ. 1961ರಲ್ಲಿ ಮುಗಿದ ಆ ಅಣೆಕಟ್ಟಿನಿಂದ ಹಳ್ಳಿಗಳು ಮುಳುಗಿದವು, ಆದರೆ ಅಲ್ಲಿದ್ದ ಎರಡು ಮುದಿ ಚೆರ್ರಿ ಮರಗಳನ್ನು ಬೇರು ಸಮೇತ ಎತ್ತಿ ಮೇಲೆ ನೆಟ್ಟರು. ಅವು ಹೂ ಬಿಡುವುದು ಏಪ್ರಿಲ್ ಕೊನೆ, ಮೇ ಮೊದಲ ವಾರ, ನೀವು ಇರುವ ದಿನಗಳಿಗೆ ಸರಿಹೊಂದಬಹುದು.