ಟ್ಯೂಬಿನ ಹಿಂದಿನ ಪುಟ್ಟ ಅಕ್ಷರಗಳು

ಪ್ರಶ್ನೆ: ನಾನು ಜಲವರ್ಣದಲ್ಲಿ ಮರಗಿಡಗಳ ಚಿತ್ರ ಬರೆಯುತ್ತೇನೆ. ಸ್ಯಾಪ್ ಗ್ರೀನ್ ಖಾಲಿಯಾಯಿತೆಂದು ಬೇರೆ ಕಂಪನಿಯ ಸ್ಯಾಪ್ ಗ್ರೀನ್ ತಂದೆ. ಹೆಸರು ಅದೇ, ಬಣ್ಣ ಮಾತ್ರ ಬೇರೆ! ಟ್ಯೂಬಿನ ಹಿಂದೆ ಪಿಜಿ 7, ಪಿವೈ 150 ಅಂತೆಲ್ಲ ಇದೆ. ಇದೇನು?

ಉತ್ತರ: ನಿಮ್ಮ ಪ್ರಶ್ನೆಗೆ ಉತ್ತರ ಆ ಪುಟ್ಟ ಅಕ್ಷರಗಳಲ್ಲೇ ಇದೆ. ಮುಂದಿರುವ ಹೆಸರು ಕಂಪನಿಯವರು ಇಟ್ಟದ್ದು. ಹಿಂದಿರುವ ಕೋಡ್ ಒಳಗಿನ ಪಿಗ್ಮೆಂಟ್‌ನದು, ಅಂದರೆ ಬಣ್ಣ ಕೊಡುವ ಪುಡಿಯದು. ಇದು ಕಲರ್ ಇಂಡೆಕ್ಸ್ ಎಂಬ ಅಂತರರಾಷ್ಟ್ರೀಯ ಪಟ್ಟಿಯಿಂದ ಬಂದದ್ದು. ‘ಪಿ’ ಅಂದರೆ ಪಿಗ್ಮೆಂಟ್. ಮುಂದಿನ ಅಕ್ಷರ ಬಣ್ಣದ ಗುಂಪು: ಬಿ ನೀಲಿ, ವೈ ಹಳದಿ, ಆರ್ ಕೆಂಪು, ಜಿ ಹಸಿರು, ವಿ ನೇರಳೆ, ಬಿಆರ್ ಕಂದು. ಸಂಖ್ಯೆ ಆ ಗುಂಪಿನಲ್ಲಿ ಆ ಪುಡಿಗೆ ಕೊಟ್ಟ ನಂಬರು.

ಸ್ಯಾಪ್ ಗ್ರೀನ್ ಅನ್ನು ಹಿಂದೆ ಬಕ್‌ಥಾರ್ನ್ ಎಂಬ ಗಿಡದ ಹಣ್ಣಿನಿಂದ ಮಾಡುತ್ತಿದ್ದರು. ಅದು ಬೆಳಕಿಗೆ ಬೇಗ ಮಾಸುತ್ತಿತ್ತು. ಈಗ ಆ ಹೆಸರಿನಲ್ಲಿ ಪ್ರತಿ ಕಂಪನಿಯೂ ತನ್ನದೇ ಮಿಶ್ರಣ ಮಾರುತ್ತದೆ. ನಿಮ್ಮ ಹೊಸ ಟ್ಯೂಬಿನಲ್ಲಿರುವುದು ಥ್ಯಾಲೋ ಗ್ರೀನ್ ಎಂಬ ಹಸಿರು (ಪಿಜಿ 7) ಮತ್ತು ಒಂದು ಹಳದಿ (ಪಿವೈ 150). ಹಳೆಯ ಟ್ಯೂಬ್ ಬಿಸಾಡದಿದ್ದರೆ ಎರಡರ ಕೋಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹಳೆಯದರಲ್ಲಿ ಪಿಬಿಆರ್ 7 ಎಂಬ ಕಂದು ಇದ್ದರೆ, ಹೊಸ ಹಸಿರಿಗೆ ಸ್ವಲ್ಪ ಬರ್ನ್ಟ್ ಸಿಯೆನಾ (ಕೆಂಪು ಮಿಶ್ರಿತ ಕಂದು) ಬೆರೆಸಿ, ಹತ್ತಿರ ಬರುತ್ತದೆ.

ನಾನಂತೂ ಒಂದೇ ಕೋಡ್ ಇರುವ ಟ್ಯೂಬ್‌ಗಳನ್ನೇ ಕೊಳ್ಳುತ್ತೇನೆ. ಮೂರು ಪುಡಿಗಳ ಮಿಶ್ರಣಕ್ಕೆ ಇನ್ನೊಂದು ಮಿಶ್ರಣ ಸೇರಿಸಿದರೆ ಬಣ್ಣ ಕೆಸರಾಗುವುದು ಜಾಸ್ತಿ. ನೇರಳೆ ಬೇಕಾದಾಗ ಅಲ್ಟ್ರಾಮರೀನ್ ನೀಲಿಗೆ (ಪಿಬಿ 29) ಕ್ಯಾಡ್ಮಿಯಂ ಕೆಂಪು (ಪಿಆರ್ 108) ಹಾಕಿ ನೋಡಿ. ಮಂಕು ಕಂದು ಬರುತ್ತದೆ, ಏಕೆಂದರೆ ಆ ಕೆಂಪು ಕಿತ್ತಳೆಯ ಕಡೆ ವಾಲಿದೆ. ಅದೇ ನೀಲಿಗೆ ಗುಲಾಬಿ ಛಾಯೆಯ ಕ್ವಿನಾಕ್ರಿಡೋನ್ (ಪಿವಿ 19) ಹಾಕಿ. ಎಷ್ಟು ಹೊಳಪಿನ ನೇರಳೆ, ಅಲ್ವಾ!

ಒಂದು ಕೋಡನ್ನು ಮಾತ್ರ ದಯವಿಟ್ಟು ನೆನಪಿಡಿ: ಪಿಆರ್ 83, ಅಲಿಜರಿನ್ ಕ್ರಿಮ್ಸನ್. ಹಚ್ಚಿದಾಗ ತುಂಬಾ ಚೆಂದ. ಆದರೆ ತೆಳುವಾಗಿ ಹಚ್ಚಿ ಬೆಳಕಿಗಿಟ್ಟರೆ ಮಾಸುತ್ತದೆ. ನಾನು ಹೊಸ ಬಣ್ಣ ತಂದಾಗಲೆಲ್ಲ ಕಾಗದದ ಪಟ್ಟಿಗೆ ತೆಳುವಾಗಿ ಬಳಿದು, ಅರ್ಧಕ್ಕೆ ಕಪ್ಪು ರಟ್ಟು ಮುಚ್ಚಿ ಬಿಸಿಲು ಬೀಳುವ ಕಿಟಕಿಗೆ ಅಂಟಿಸುತ್ತೇನೆ. ಕೆಲವು ತಿಂಗಳ ಮೇಲೆ ರಟ್ಟು ತೆಗೆದರೆ ಯಾವುದು ಉಳಿಯಿತು, ಯಾವುದು ಹೋಯಿತು ಎಂದು ಕಣ್ಣಿಗೇ ಕಾಣುತ್ತದೆ. ಬೇರೆಯವರು ದುಡ್ಡು ಕೊಟ್ಟು ಗೋಡೆಗೆ ಹಾಕಿಕೊಳ್ಳುವ ಚಿತ್ರಕ್ಕೆ ಈ ಪರೀಕ್ಷೆ ಮಾಡದೆ ಬಣ್ಣ ಬಳಸಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಪ್ರಶ್ನೆ: ಎರಡು ಟ್ಯೂಬ್‌ಗಳಲ್ಲೂ ಪಿಬಿಆರ್ 7 ಅಂತಿದೆ. ಒಂದು ಹಳದಿ ಮಿಶ್ರಿತ ಕಂದು, ಇನ್ನೊಂದು ಕಡು ಕಂದು. ತಪ್ಪು ಮುದ್ರಣವೇ?

ಉತ್ತರ: ಅಲ್ಲ. ಪಿಬಿಆರ್ 7 ಅಂದರೆ ಕಬ್ಬಿಣದ ಅಂಶವಿರುವ ಮಣ್ಣು. ಸಿಯೆನಾ, ಅಂಬರ್ ಎಂಬ ಎರಡು ಮಣ್ಣಿನ ಬಣ್ಣಗಳೂ ಅದರಲ್ಲೇ ಬರುತ್ತವೆ. ಅಂಬರ್‌ನಲ್ಲಿ ಮ್ಯಾಂಗನೀಸ್ ಜಾಸ್ತಿ, ಅದಕ್ಕೇ ಬಣ್ಣ ಕಡು. ಸಿಯೆನಾ ಮಣ್ಣನ್ನು ಸುಟ್ಟರೆ ಕೆಂಪಾಗುತ್ತದೆ, ಕೋಡ್ ಬದಲಾಗುವುದಿಲ್ಲ. ಹಾಗಾಗಿ ಕಂದು ಬಣ್ಣ ಕೊಳ್ಳುವಾಗ ಕೋಡ್ ಜೊತೆ ಹೆಸರನ್ನೂ ಓದಿ, ಸಾಧ್ಯವಾದರೆ ಕಾಗದಕ್ಕೆ ಹಚ್ಚಿ ನೋಡಿ.