ಡಿಸ್ಕ್ ಕಳೆದುಹೋದ ಗೇಮ್ ಬಾಯ್ ಪ್ಲೇಯರ್ ಅನ್ನು ಗೇಮ್‌ಕ್ಯೂಬ್‌ನಲ್ಲಿ ಬಳಸಬಹುದೇ?

ಖಂಡಿತ ಬಳಸಬಹುದು, ಅದೂ ಮೂಲ ಡಿಸ್ಕ್‌ಗಿಂತ ಚೆನ್ನಾಗಿ. ಗೇಮ್ ಬಾಯ್ ಆಟಗಳನ್ನು ಗೇಮ್‌ಕ್ಯೂಬ್ ಕನ್ಸೋಲ್ ಮೂಲಕ ಟಿವಿಯಲ್ಲಿ ಆಡಲು 2003ರಲ್ಲಿ ನಿಂಟೆಂಡೊ ತಂದ ಈ ಅಡಾಪ್ಟರ್ ಒಳಗೆ ಗೇಮ್ ಬಾಯ್ ಅಡ್ವಾನ್ಸ್‌ನ ಅಸಲಿ ಚಿಪ್ಪೇ ಇದೆ, ಎಮ್ಯುಲೇಶನ್ (ತಂತ್ರಾಂಶದ ಅನುಕರಣೆ) ಅಲ್ಲ. ಆದರೆ ಚಿತ್ರವನ್ನು ಟಿವಿಗೆ ತರಲು ಗೇಮ್‌ಕ್ಯೂಬ್‌ನಲ್ಲಿ ಒಂದು ಪ್ರೋಗ್ರಾಂ ಓಡಬೇಕು. ಡಿಸ್ಕ್‌ನಲ್ಲಿದ್ದದ್ದು ಅದೇ.

ಅದರ ಜಾಗಕ್ಕೆ ಹವ್ಯಾಸಿಗಳು ಬರೆದ ಉಚಿತ ತಂತ್ರಾಂಶ ‘ಗೇಮ್ ಬಾಯ್ ಇಂಟರ್‌ಫೇಸ್’. ಮೂಲ ಡಿಸ್ಕ್ ಚಿತ್ರವನ್ನು ಮಸುಕು ಮಾಡುತ್ತದೆ, ಬಟನ್ ಒತ್ತಿದ್ದಕ್ಕೆ ಪ್ರತಿಕ್ರಿಯೆಯೂ ತಡ. ಈ ತಂತ್ರಾಂಶದಲ್ಲಿ ಗೇಮ್ ಬಾಯ್ ಅಡ್ವಾನ್ಸ್‌ನ 240×160 ಪಿಕ್ಸೆಲ್‌ಗಳನ್ನು ಪೂರ್ಣಾಂಕದಲ್ಲೇ (2 ಪಟ್ಟು, 3 ಪಟ್ಟು ಹೀಗೆ) ಹಿಗ್ಗಿಸಬಹುದು, ಹಳೆಯ ಸಿಆರ್‌ಟಿ ಟಿವಿಗೆ 240ಪಿ (240 ಸಾಲುಗಳ) ಸಿಗ್ನಲ್ಲೂ ಸಿಗುತ್ತದೆ. ತೀರಾ ಕಡಿಮೆ ವಿಳಂಬದ ಆವೃತ್ತಿಯೊಂದು ಗೇಮ್‌ಕ್ಯೂಬ್‌ನ ವಿಡಿಯೊ ವೇಗವನ್ನೇ ಗೇಮ್ ಬಾಯ್‌ನ ಸೆಕೆಂಡಿಗೆ ಸುಮಾರು 59.73 ಫ್ರೇಮ್‌ಗೆ ಹೊಂದಿಸುತ್ತದೆ. ಕೆಲವು ಹೊಸ ಟಿವಿಗಳು ಆ ಸಿಗ್ನಲ್ ಒಪ್ಪುವುದಿಲ್ಲ. ಆಗ ಸಾಮಾನ್ಯ ಆವೃತ್ತಿ ಹಾಕಿ.

ಪ್ಲೇಯರ್‌ನೊಳಗೆ ಏನನ್ನೂ ತಿದ್ದಿ ಬರೆಯುವುದಿಲ್ಲ, ಹಾಗಾಗಿ ಅದು ಕೆಡುವ ಭಯ ಬೇಡ. ತಂತ್ರಾಂಶದ ಫೈಲ್ ಇರುವುದು ಎಸ್‌ಡಿ ಕಾರ್ಡ್‌ನಲ್ಲಿ. ಕಾರ್ಡನ್ನು ಮೆಮೊರಿ ಕಾರ್ಡ್ ಸ್ಲಾಟ್‌ಗೆ ಅಥವಾ ತಳದ ಸೀರಿಯಲ್ ಪೋರ್ಟ್ 2ಕ್ಕೆ ಅಡಾಪ್ಟರ್ ಮೂಲಕ ಜೋಡಿಸಿ, ‘ಸ್ವಿಸ್’ ಎಂಬ ಲೋಡರ್‌ನಿಂದ ತೆರೆಯಿರಿ. ಡಿಒಎಲ್-101 ಮಾದರಿಯ ಗೇಮ್‌ಕ್ಯೂಬ್‌ನಲ್ಲಿ ಆ ಸೀರಿಯಲ್ ಪೋರ್ಟ್ 2 ಇಲ್ಲ. ಸ್ವಿಸ್ ಶುರುವಾಗಲು ಆಕ್ಷನ್ ರಿಪ್ಲೇ ಎಂಬ ಚೀಟ್ ಕೋಡ್ ಡಿಸ್ಕ್ ಸಾಕು. ಬೆಸುಗೆ ಹಾಕಲು ಬರುವವರಿಗೆ ಅಗ್ಗದ ರಾಸ್ಪ್‌ಬೆರಿ ಪೈ ಪಿಕೊ ಎಂಬ ಪುಟ್ಟ ಬೋರ್ಡ್‌ನಿಂದ ಡಿಸ್ಕ್ ಇಲ್ಲದೆಯೇ ಸ್ವಿಸ್ ಶುರು ಮಾಡುವ ‘ಪಿಕೊಬೂಟ್’ ನನ್ನ ಮೊದಲ ಆಯ್ಕೆ.

ಆಟದ ಕಾರ್ಟ್ರಿಡ್ಜ್ ಮಾತ್ರ ಬೇಕೇ ಬೇಕು. ವೀ ಕನ್ಸೋಲ್‌ಗೆ ಈ ಪ್ಲೇಯರ್ ಕೂರುವುದಿಲ್ಲ, ಪ್ಲೇಯರ್ ಜೋಡಿಸಲು ಬೇಕಾದ ಹೈ-ಸ್ಪೀಡ್ ಪೋರ್ಟೇ ಅದರಲ್ಲಿ ಇಲ್ಲ.